16 ಹೆಚ್ಚಾದದ್ದು ಯಾವಾಗ?

ಬದಿಯಡ್ಕದ ನಮ್ಮ ಮನೆಯಲ್ಲಿ ಅಮ್ಮ ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಕೊರೆಯುವಾಗ ಪಕ್ಕದಲ್ಲೇ ಮಜ್ಜಿಗೆ ನೀರಿನ ಪಾತ್ರೆ ಇರುತ್ತದೆ. ಹೋಳು ಕತ್ತಿಯಿಂದ ನೇರ ಅದರೊಳಗೆ. ಸ್ವಲ್ಪ ಹೊತ್ತು ಗಾಳಿಗಿಟ್ಟರೆ ಕಪ್ಪಾಗುತ್ತದೆ, ಅದೂ ಉತ್ಕರ್ಷಣವೇ, ಅಂದರೆ ಆಮ್ಲಜನಕದ ಕೆಲಸ. ಆ ಕಪ್ಪು ಹೋಳನ್ನು ತೋರಿಸಿ ‘ಕಾಯಿಯೇ ಹಾಳಾಗಿತ್ತು’ ಎಂದು ಯಾರಾದರೂ ಹೇಳಿದರೆ ಅಮ್ಮ ಸುಮ್ಮನಿರುವವಳಲ್ಲ.

ಪ್ರೋಟೀನುಗಳ ಉತ್ಕರ್ಷಣ ಹುಡುಕುವವರ ಮೇಲೆ ನನ್ನ ತಕರಾರೂ ಅದೇ: ಕೈಗೆ ಬಂದ ಮೇಲೆ ಆದದ್ದನ್ನೂ ಮೊದಲೇ ಇತ್ತು ಎನ್ನುತ್ತಾರೆ.

ಕೆಲಸ ನಡೆಯುವುದು ಹೀಗೆ. ಟ್ರಿಪ್ಸಿನ್ ಕಿಣ್ವದಿಂದ ಪ್ರೋಟೀನನ್ನು ತುಂಡರಿಸಿ, ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗುತ್ತಾರೆ. ಇರಬೇಕಾದ್ದಕ್ಕಿಂತ 15.995 ಡಾಲ್ಟನ್ (ಅಣುಗಳನ್ನು ತೂಗುವ ಅಳತೆ), ಅಂದರೆ ಸುಮಾರು 16, ಹೆಚ್ಚು ಬಂದರೆ ಒಂದು ಆಮ್ಲಜನಕ ಅಂಟಿಕೊಂಡಿದೆ, ಬಹುಪಾಲು ಮೆಥಿಯೋನಿನ್ ಎಂಬ ಅಮೈನೋ ಆಮ್ಲದ ಮೇಲೆ. ಆ ತುಂಡನ್ನು ಮತ್ತೆ ಒಡೆದಾಗ 64 ಡಾಲ್ಟನ್ ಕಳಚಿ ಬಿದ್ದರೆ ಗುರುತು ಇನ್ನೂ ಗಟ್ಟಿ. ಇಲ್ಲೊಂದು ಗುಂಡಿಯಿದೆ: ಉತ್ಕರ್ಷಿತ ಮೆಥಿಯೋನಿನ್‌ಗೂ ಇನ್ನೊಂದು ಅಮೈನೋ ಆಮ್ಲವಾದ ಫಿನೈಲ್‌ಅಲನೈನ್‌ಗೂ ತೂಕ 147ರ ಆಸುಪಾಸು, ವ್ಯತ್ಯಾಸ ಬರೀ 0.033. ಒರಟು ಯಂತ್ರಕ್ಕೆ ಎರಡೂ ಒಂದೇ.

ಆದರೆ ಎಷ್ಟೇ ಸೂಕ್ಷ್ಮ ಯಂತ್ರವಾದರೂ ಹೇಳುವುದು ತೂಕವನ್ನು, ಹೊತ್ತನ್ನಲ್ಲ. ಟ್ರಿಪ್ಸಿನ್ ಹಾಕಿದ ಮಾದರಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಕೂತಿರುತ್ತದೆ, ಆಗಲೂ ಆಮ್ಲಜನಕ ಅಂಟಿಕೊಳ್ಳಬಹುದು. ಜಾನ್ ಫೆನ್‌ಗೆ 2002ರ ನೊಬೆಲ್ ತಂದುಕೊಟ್ಟ ಎಲೆಕ್ಟ್ರೋಸ್ಪ್ರೇಯೂ (ಮಾದರಿಯನ್ನು ವಿದ್ಯುತ್ ತುಂಬಿದ ಹನಿಗಳಾಗಿ ಯಂತ್ರಕ್ಕೆ ಚಿಮ್ಮಿಸುವ ವಿಧಾನ) ಸೂಜಿಯ ತುದಿಯ ವೋಲ್ಟೇಜಿನಲ್ಲಿ ತಾನೇ ಆಮ್ಲಜನಕ ಅಂಟಿಸಬಲ್ಲದು.

ನಾನೂ ಮೋಸ ಹೋದವನೇ. ಬೇಸಗೆಯಲ್ಲಿ ನೀರು ಕಾಣದ ತೆಂಗಿನ ಸಸಿಗಳ ಎಲೆಯನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ದೂರದ ಪ್ರಯೋಗಾಲಯವೊಂದಕ್ಕೆ ಕಳಿಸಿದ್ದೆ. ರೈಲು ತಡ, ತೆರೆದಾಗ ಐಸ್ ಪೂರ್ತಿ ನೀರಾಗಿತ್ತಂತೆ. ವರದಿಯ ತುಂಬ 16. ‘ಬರದ ಒತ್ತಡ’ ಎಂದು ಕುಣಿದಾಡಿದೆ. ಕೊನೆಯ ಪುಟ ತಿರುಗಿಸಿದರೆ, ದಿನವೂ ನೀರು ಕುಡಿದ ಸಸಿಗಳಲ್ಲೂ ಅಷ್ಟೇ 16!

ಇದಕ್ಕೊಂದು ಜಾಣ ಉಪಾಯವಿದೆ. ತುಂಡರಿಸುವ ಮೊದಲೇ, ಭಾರದ ಆಮ್ಲಜನಕ–18 ಇರುವ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಉಳಿದ ಮೆಥಿಯೋನಿನ್‌ಗಳನ್ನೆಲ್ಲ ಬೇಕೆಂದೇ ಉತ್ಕರ್ಷಿಸುವುದು. ಮೊದಲೇ ಆದದ್ದು 16 ಹೆಚ್ಚು, ಈಗ ಆದದ್ದು 18 ಹೆಚ್ಚು. ಆಮೇಲಿನ ಗಾಳಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ನನ್ನ ಎಲೆಗಳನ್ನು ಮಾತ್ರ ಇದೂ ಉಳಿಸುತ್ತಿರಲಿಲ್ಲ. ಅವು ಕೆಟ್ಟದ್ದು ದಾರಿಯಲ್ಲೇ.

ಆ ಪೆರಾಕ್ಸೈಡ್ ದುಬಾರಿ, ಒಪ್ಪುತ್ತೇನೆ. ಹಾಗಿದ್ದರೆ ಮೆಥಿಯೋನಿನ್ ಇರುವ, ಇನ್ನೂ ಉತ್ಕರ್ಷಣವಾಗದ ಕೃತಕ ಪೆಪ್ಟೈಡೊಂದನ್ನು (ಪ್ರೋಟೀನಿನ ಪುಟ್ಟ ತುಂಡಿನಂಥದ್ದು) ಜೊತೆಗೇ ಅದೇ ಹಾದಿಯಲ್ಲಿ ಓಡಿಸಿ; ಅದರಲ್ಲೂ 16 ಕಂಡರೆ ಅದು ದಾರಿಯಲ್ಲಿ ಅಂಟಿದ್ದು. ಅದೂ ಆಗದಿದ್ದರೆ, ಮಾದರಿ ಎಷ್ಟು ಗಂಟೆ ಹೊರಗಿತ್ತು ಎಂದು ವರದಿಯಲ್ಲಿ ಒಂದು ಸಾಲು ಬರೆಯಿರಿ. ಅದಕ್ಕೇನೂ ದುಡ್ಡು ಬೇಡ.