ನಿಂಬೆಯ ನೆಂಟ ಕಾಮಿನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರದುರ್ಗದ ಬೇಸಿಗೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಏಪ್ರಿಲ್ ಹೊತ್ತಿಗೆ ಕೋಟೆಯ ಬಂಡೆ ಕತ್ತಲಾದ ಮೇಲೂ ಝಳ ಹೊಡೆಯುತ್ತದೆ. ನಮ್ಮ ಕಾಂಪೌಂಡಿನ ಕಾಮಿನಿ ಗಿಡವೂ ಆಗ ಧೂಳು ಮೆತ್ತಿಕೊಂಡು ಸೊರಗಿರುತ್ತದೆ. ಒಂದು ಸಂಜೆ ಭರಣಿ ಮಳೆ ಸುರಿಯುತ್ತದೆ. ಆಮೇಲೆ ಕೆಲವು ದಿನಕ್ಕೆ, ರಾತ್ರಿ ಕಿಟಕಿ ತೆಗೆದರೆ ಸಾಕು, ಕಾಮಿನಿ ಹೂವಿಗೆ ಓಣಿಯೆಲ್ಲ ಘಮ್ಮೆನ್ನುತ್ತದೆ!

ನಿಂಬೆ ತೋಟದವರಿಗೆ ಈ ಗುಟ್ಟು ಗೊತ್ತು. ಅವರು ಬೇಕಂತಲೇ ನೀರು ನಿಲ್ಲಿಸಿ ಗಿಡ ಬಾಡಿಸುತ್ತಾರೆ. ಮತ್ತೆ ನೀರು ಬಿಟ್ಟಾಗ ಗಿಡ ಹೂವಾಗುತ್ತದೆ. ಕಾಮಿನಿಗೆ ಆ ಕೆಲಸವನ್ನು ನಮ್ಮ ಬಿಸಿಲು, ಮಳೆಯೇ ಮಾಡಿಕೊಡುತ್ತವೆ. ಎರಡೂ ಒಂದೇ ಮನೆತನದವು ಅಲ್ವಾ?

ನಂಬಿಕೆ ಬರದಿದ್ದರೆ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ. ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ನಿಂಬೆ, ಕರಿಬೇವು, ಬಿಲ್ವಪತ್ರೆ ಎಲ್ಲದರಲ್ಲೂ ಇವು ಇವೆ. ಎಲೆ ಹಿಸುಕಿದಾಗ ಬರುವ ವಾಸನೆ ಇದರದ್ದೇ. ಈ ಕುಟುಂಬಕ್ಕೆ ರುಟೇಸಿ ಅಂತ ಹೆಸರು. ಕಾಮಿನಿಯ ಶಾಸ್ತ್ರೀಯ ಹೆಸರು ಮುರ್ರಾಯಾ ಪ್ಯಾನಿಕ್ಯುಲೇಟಾ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಶಿಷ್ಯ ಮುರ್ರೇ ನೆನಪಿಗೆ ಇಟ್ಟದ್ದು.

ಹೂವು ಬಿಳಿ, ಐದು ಎಸಳು, ಹಿಂದಕ್ಕೆ ಬಾಗಿದವು. ಬೇಗ ಉದುರುತ್ತವೆ. ಬೆಳಿಗ್ಗೆ ಗುಡಿಸಲು ಹೋದರೆ ಪೊರಕೆಗೂ ಪರಿಮಳ ಹತ್ತುತ್ತದೆ. ಆಮೇಲೆ ಕೆಂಪು ಕಾಯಿ, ಒಳಗೆ ಒಂದೆರಡು ಬೀಜ. ಪಿಕಳಾರ ಹಕ್ಕಿಗಳಿಗೆ ಅದು ಬಲು ಇಷ್ಟ.

ಆದರೆ ಒಂದು ಎಚ್ಚರಿಕೆ. ನಿಂಬೆ, ಮೋಸಂಬಿ ತೋಟ ಇರುವವರು ಕಾಮಿನಿಯನ್ನು ಬೇಲಿಗೆ ನೆಡಬೇಡಿ. ಸಿಲ್ಲಾ ಅನ್ನುವ ಸಣ್ಣ ಕೀಟ ಇದರ ಎಳೆ ಚಿಗುರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದೇ ಕೀಟ ನಿಂಬೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ಅನ್ನುವ, ಗಿಡವನ್ನೇ ಸೊರಗಿಸುವ ರೋಗ ಹರಡುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 2005ರಲ್ಲಿ ಆ ರೋಗ ಕಾಣಿಸಿಕೊಂಡ ಮೇಲೆ ಕಿತ್ತಳೆ ತೋಟಗಳು ಹೇಗೆ ಹಾಳಾದವು ಅಂತ ಲೋಕಕ್ಕೇ ಗೊತ್ತು. ನೆಂಟಸ್ತಿಕೆ ಎಷ್ಟು ಗಟ್ಟಿಯೋ ರೋಗ ದಾಟುವ ದಾರಿಯೂ ಅಷ್ಟೇ ಹತ್ತಿರ.

ಊರೊಳಗಿನ ಮನೆಯವರು ಧೈರ್ಯವಾಗಿ ನೆಡಿ. ಕತ್ತರಿ ಮಾತ್ರ ಜೋಪಾನ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಒಂದು ವರ್ಷ ನಾನು ಅಂದ ಮಾಡಲು ಹೋಗಿ, ಮಳೆಗೆ ಬಂದ ಚಿಗುರನ್ನೆಲ್ಲ ಸವರಿಬಿಟ್ಟೆ. ಆ ಸಲ ನಮ್ಮ ಓಣಿಯಲ್ಲಿ ಪರಿಮಳವೇ ಇರಲಿಲ್ಲ. ಪಕ್ಕದ ಮನೆಯ ಅಜ್ಜಿ "ಈ ಸಲ ಯಾಕಪ್ಪ ಹೂವಿಲ್ಲ?" ಅಂತ ಕೇಳಿದರು. ಈಗ ಹೂವು ಪೂರ್ತಿ ಉದುರಿದ ಮೇಲೆಯೇ ಕತ್ತರಿ ಹಿಡಿಯುತ್ತೇನೆ.

ನಮಸ್ಕಾರ.