ಜಾಝ್‌ನ ಕಪ್ಪು ಕಲಾವಿದೆಯರಿಗೊಂದು ಕಛೇರಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಪ್ಪು ಜಾಝ್ ಕಲಾವಿದೆಯರ ಗೌರವಕ್ಕೆಂದು ಕಛೇರಿ ಏರ್ಪಡಿಸುವವರು ಸಾಮಾನ್ಯವಾಗಿ ಗಾಯಕಿಯರಿಂದ ಶುರುಮಾಡುತ್ತಾರೆ. ಬಿಲ್ಲಿ ಹಾಲಿಡೇ, ಎಲ್ಲಾ ಫಿಟ್ಜ್‌ಜೆರಾಲ್ಡ್, ಸಾರಾ ವಾನ್ ಇಲ್ಲದೆ ಅಂಥ ಕಛೇರಿಗೆ ಕಳೆಯೇ ಇಲ್ಲ. ಆದರೆ ಅಲ್ಲಿಗೇ ನಿಂತರೆ ಪರಂಪರೆಯ ಅರ್ಧ ಭಾಗ ಹೊರಗುಳಿಯುತ್ತದೆ. 1925ರಲ್ಲಿ ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್ ತಂಡ ಧ್ವನಿಮುದ್ರಣಕ್ಕೆ ಕೂತಾಗ ಪಿಯಾನೋ ನುಡಿಸಿದವರು ಲಿಲ್ ಹಾರ್ಡಿನ್. 1945ರಲ್ಲಿ ಹನ್ನೆರಡು ರಾಶಿಗಳಿಗೆ ಹನ್ನೆರಡು ಕೃತಿ ರಚಿಸಿದವರು ಮೇರಿ ಲೂ ವಿಲಿಯಮ್ಸ್. ಮೆಲ್ಬಾ ಲಿಸ್ಟನ್ ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯ ನುಡಿಸಿದ್ದಲ್ಲದೆ ಡಿಜ್ಜಿ ಗಿಲೆಸ್ಪಿಯವರ ದೊಡ್ಡ ತಂಡಕ್ಕೆ ವಾದ್ಯಸಂಯೋಜನೆಯನ್ನೂ ಬರೆದರು. ಕಛೇರಿಯ ಮೂರನೇ ಒಂದು ಭಾಗವನ್ನಾದರೂ ವಾದ್ಯಕ್ಕೆ ಬಿಡಬೇಕು ಎನ್ನುವುದು ಇದಕ್ಕೇ.

ಮೊದಲು ಶ್ರುತಿ. ಅಚ್ಚಾದ ಪುಸ್ತಕಗಳಲ್ಲಿರುವ ಶ್ರುತಿ ಹೆಚ್ಚಾಗಿ ವಾದ್ಯಗಳಿಗೆ ಹೊಂದುವಂಥದ್ದು. ಎದೆಯ ಸ್ವರದಲ್ಲಿ, ಅಂದರೆ ಮಾತಿನ ಮಟ್ಟದ ತಗ್ಗು ದನಿಯಲ್ಲಿ, ಹಾಡುವ ಗಾಯಕಿಗೆ ಅದು ಮಧ್ಯಮ ಇಲ್ಲವೇ ಪಂಚಮದಷ್ಟು ಕೆಳಗೆ ಬೇಕಾಗುವುದುಂಟು. ಹಾಗೆ ಇಳಿಸಿದಾಗ 'ಇ' ಶ್ರುತಿಗೆ ಬಂದು ನಿಂತಿತು ಎಂದುಕೊಳ್ಳಿ. ಈ ಊದುವಾದ್ಯಗಳಿಗೆ ಸ್ವರವನ್ನು ಬೇರೆ ಶ್ರುತಿಯಲ್ಲಿ ಬರೆಯುವುದರಿಂದ ಟ್ರಂಪೆಟ್‌ನವರ ಸ್ವರಹಾಳೆಯಲ್ಲಿ ಆರು ಶಾರ್ಪ್ (ಅರ್ಧ ಸ್ವರ ಏರಿಸುವ ಗುರುತು), ಆಲ್ಟೋ ಸ್ಯಾಕ್ಸೋಫೋನ್‌ನವರ ಹಾಳೆಯಲ್ಲಿ ಏಳು! ವೇಗದ ಹಾಡಾದರೆ ಇಬ್ಬರೂ ತಡವರಿಸುತ್ತಾರೆ. ಅದನ್ನೇ ಅರ್ಧ ಸ್ವರ ಇಳಿಸಿ 'ಇ ಫ್ಲ್ಯಾಟ್' ಮಾಡಿದರೆ ಟ್ರಂಪೆಟ್‌ಗೆ ಒಂದೇ ಫ್ಲ್ಯಾಟ್ (ಅರ್ಧ ಸ್ವರ ಇಳಿಸುವ ಗುರುತು), ಆಲ್ಟೋಗೆ ಏನೂ ಇಲ್ಲ. ಗಾಯಕಿಗೆ ಆ ವ್ಯತ್ಯಾಸ ತಿಳಿಯುವುದೂ ಕಷ್ಟ. ಹಾಳೆ ಬರೆಯುವ ಮೊದಲೇ ಅವರನ್ನು ಕೂರಿಸಿಕೊಂಡು ಹಾಡಿಸಿ ನೋಡಬೇಕು.

ಇನ್ನು ಮೈಕ್. ಅದು ಹಿಂಬದಿಯಿಂದ ಬರುವ ಸದ್ದನ್ನು ಕಡಿಮೆ ಹಿಡಿಯುವ ಬಗೆಯದಾದರೆ, ಗಾಯಕಿಗೆ ತನ್ನ ದನಿ ಕೇಳಿಸುವ ಮಾನಿಟರ್ ಸ್ಪೀಕರನ್ನು ಅದರ ನೇರ ಹಿಂದೆ, ಗಾಯಕಿಯ ಕಡೆ ಮುಖ ಮಾಡಿ ಇಡಬೇಕು. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಈ ಗುಣವೇ ಕೆಟ್ಟು ಸ್ಪೀಕರಿನಿಂದ ಕೀರಲು ಕೂಗು ಏಳುತ್ತದೆ.

ಹೆಚ್ಚು ಜಾಗ್ರತೆ ಬೇಡುವುದು ಹಾರ್ಪ್ ಎಂಬ, ಬೆರಳಿನಿಂದ ಮೀಟುವ ತಂತಿವಾದ್ಯ. ಡೊರೊಥಿ ಆಶ್ಬಿ ಇದನ್ನು 1950ರ ದಶಕದಲ್ಲೇ ಜಾಝ್‌ನ ಮುಖ್ಯ ವಾದ್ಯವಾಗಿ ನುಡಿಸಿದರು. ಆಲಿಸ್ ಕೋಲ್ಟ್ರೇನ್ 1971ರಲ್ಲಿ ಹೊರಬಂದ ಧ್ವನಿಮುದ್ರಿಕೆಯಲ್ಲಿ ಇದರ ಜೊತೆಗೆ ನಮ್ಮ ತಂಬೂರಿಯ ನಾದವನ್ನೂ ಬೆರೆಸಿದರು. ಆ ನಾದ ಕೇಳಿದಾಗ ಮನಸ್ಸು ತುಂಬಿ ಬರುತ್ತದೆ. ದೊಡ್ಡ ಹಾರ್ಪ್‌ಗೆ 47 ತಂತಿ, 7 ಪೆಡಲ್. ಎಡಗಾಲಿಗೆ ಮೂರು, ಬಲಗಾಲಿಗೆ ನಾಲ್ಕು. ಒಂದೊಂದು ಪೆಡಲ್ ಒಂದು ಸ್ವರವನ್ನು ಎಲ್ಲ ಸ್ಥಾಯಿಗಳಲ್ಲೂ ಒಟ್ಟಿಗೆ ಏರಿಸುತ್ತದೆ, ಇಳಿಸುತ್ತದೆ. ಪಿಯಾನೋಗೆ ಬರೆದದ್ದನ್ನೇ ತಂದು ಮುಂದಿಟ್ಟರೆ ಪೆಡಲ್ ಬದಲಿಸಲು ಕಾಲುಗಳು ಸಾಲವು. ತಂತಿ ಇನ್ನೂ ಮಿಡಿಯುತ್ತಿರುವಾಗ ಪೆಡಲ್ ಸರಿದರೆ ಝರ್ ಎಂಬ ಸದ್ದು ಬರುತ್ತದೆ. ಹಾರ್ಪನ್ನು ಡ್ರಮ್ಸ್‌ನಿಂದ ದೂರ ಇಡಿ. ಇಲ್ಲದಿದ್ದರೆ ಅದರ ಮೈಕಿಗೆ ಸಿಂಬಲ್ ಎಂಬ ಲೋಹದ ತಟ್ಟೆಯ ಸದ್ದೇ ತುಂಬಿಕೊಳ್ಳುತ್ತದೆ. ವೇದಿಕೆಯ ದೀಪಗಳ ಬಿಸಿಗೆ ಹಾರ್ಪ್ ಒಗ್ಗಿಕೊಂಡ ಮೇಲೆ ಶ್ರುತಿ ಮಾಡಬೇಕು.

ಸಾಹಿತ್ಯ ಮರೆತರೆ? 1960ರ ಫೆಬ್ರುವರಿ 13ರಂದು ಬರ್ಲಿನ್‌ನಲ್ಲಿ 'ಮ್ಯಾಕ್ ದ ನೈಫ್' ಹಾಡುತ್ತಿದ್ದ ಎಲ್ಲಾ ಫಿಟ್ಜ್‌ಜೆರಾಲ್ಡ್ ಅವರಿಗೆ ಹಾಗಾಯಿತು. ಪಕ್ಕವಾದ್ಯದ ನಾಲ್ವರು ಲಯ ಬಿಡಲಿಲ್ಲ. ಫಿಟ್ಜ್‌ಜೆರಾಲ್ಡ್ ಮಾತು ಕಟ್ಟುತ್ತ, ಬರಿಯ ಅಕ್ಷರಗಳಲ್ಲಿ ಸ್ವರ ಹಾಕುತ್ತ ಆವರ್ತನ ತಪ್ಪದೆ ಮುಗಿಸಿದರು. ಆ ಗಾಯನಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಹಾಗಾಗಿ ತಂಡಕ್ಕೆ ಮೊದಲೇ ಹೇಳಿರಬೇಕು: ಗಾಯಕಿ ತಡವರಿಸಿದರೆ ನೀವು ನಿಲ್ಲಬೇಡಿ, ಪಿಯಾನೋದವರು ಮುಂದಿನ ಭಾಗದ ಎತ್ತುಗಡೆಯನ್ನು ಸ್ಪಷ್ಟವಾಗಿ ನುಡಿಸಿ ದಾರಿ ತೋರಲಿ.

ಕಪ್ಪು ಜನರನ್ನು ಗುಂಪುಗೂಡಿ ನೇಣಿಗೇರಿಸಿದ್ದರ ಕುರಿತಾದ 'ಸ್ಟ್ರೇಂಜ್ ಫ್ರೂಟ್' ಹಾಡನ್ನು ಬಿಲ್ಲಿ ಹಾಲಿಡೇ 1939ರಲ್ಲಿ ನ್ಯೂಯಾರ್ಕ್‌ನ ಕೆಫೆ ಸೊಸೈಟಿಯಲ್ಲಿ ಹಾಡಿದಾಗ ಅದೇ ಕೊನೆಯ ಹಾಡು. ಊಟ ಬಡಿಸುವುದು ನಿಲ್ಲುತ್ತಿತ್ತು, ಅವರ ಮುಖದ ಮೇಲೊಂದು ಬೆಳಕು ಬಿಟ್ಟು ಉಳಿದ ದೀಪಗಳೆಲ್ಲ ಆರುತ್ತಿದ್ದವು. ಇಂದು ಹಾಡಿಸುವವರೂ ಅದನ್ನು ನಡುವೆ ಎಲ್ಲೋ ತುರುಕಬಾರದು. ಸ್ವರಹಾಳೆಯ ಪುಟ್ಟ ದೀಪಗಳೂ ಆರಬೇಕು. ಅಂದರೆ ವಾದಕರಿಗೆ ಅದು ಬಾಯಿಪಾಠವಾಗಿರಬೇಕು. ಹಾಡು ಮುಗಿದೊಡನೆ ಆ ಒಂದು ಬೆಳಕನ್ನೂ ಆರಿಸಿ. ದೀಪ ಮತ್ತೆ ಹತ್ತುವಾಗ ವೇದಿಕೆ ಖಾಲಿ ಇರಲಿ.