ಸ್ಪ್ರಿಂಗ್ ಹಿಂದೆ ವಾಷರ್ ಹಾಕಿದರೆ ಇಂಜಿನ್ ಉಳಿಯುತ್ತಾ?

ಆಯಿಲ್ ಪ್ರೆಶರ್ ಕಮ್ಮಿ ಇದೆ ಅಂದ ತಕ್ಷಣ ಒಂದು ಸಲಹೆ ಬಂದೇ ಬರುತ್ತದೆ. "ಆಯಿಲ್ ಪಂಪ್ ಬಿಚ್ಚಿ, ರಿಲೀಫ್ ವಾಲ್ವ್ ಸ್ಪ್ರಿಂಗ್ ಹಿಂದೆ ಒಂದು ವಾಷರ್ ಹಾಕಿ, ಪ್ರೆಶರ್ ತಾನಾಗೇ ಏರುತ್ತೆ." ಏರುತ್ತದೆ, ಸುಳ್ಳಲ್ಲ. ಆದರೆ ಯಾವಾಗ ಏರುತ್ತದೆ ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ತಕರಾರು ಅದೇ.

ಪಂಪ್ ಮಾಡುವ ಕೆಲಸ ಎಣ್ಣೆ ತಳ್ಳುವುದು, ಅಷ್ಟೇ. ಒಂದು ಸುತ್ತಿಗೆ ಇಷ್ಟು ಅಂತ ತಳ್ಳುತ್ತದೆ. ಆ ಎಣ್ಣೆ ಬೇರಿಂಗ್‌ಗಳ ಸಣ್ಣ ಸಂದಿಯಲ್ಲಿ ನುಗ್ಗಿ ಹೋಗಬೇಕಲ್ಲ, ಅಲ್ಲಿ ಎದುರಾಗುವ ತಡೆಯೇ ಗೇಜ್‌ನಲ್ಲಿ ಕಾಣುವ ಪ್ರೆಶರ್. ರಿಲೀಫ್ ವಾಲ್ವ್ ಅಂದರೆ ಹೆಚ್ಚಾದ ಎಣ್ಣೆಯನ್ನು ವಾಪಸ್ ಬಿಡುವ, ಸ್ಪ್ರಿಂಗ್ ಒತ್ತಿ ಹಿಡಿದ ಬಾಗಿಲು. ಅದು ತೆರೆಯುವುದು ಪ್ರೆಶರ್ ಮಿತಿ ಮುಟ್ಟಿದಾಗ, 4 ಬಾರ್ (ಬಾರ್ ಅಂದರೆ ಪ್ರೆಶರ್ ಅಳತೆ) ಅಂತಿಟ್ಟುಕೊಳ್ಳಿ. ಬಿಸಿ ಇಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಧಾನ ತಿರುಗುವಾಗ, 0.7 ಬಾರ್ ತೋರಿಸುತ್ತಿದ್ದರೆ ಆ ವಾಲ್ವ್ ಮೊದಲೇ ಮುಚ್ಚಿಕೊಂಡಿರುತ್ತದೆ. ಆಗ ಸ್ಪ್ರಿಂಗ್ ಬಿಗಿ ಮಾಡುವುದು ಅಂದರೆ ಚಿಲಕ ಹಾಕಿದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದ ಹಾಗೆ. ಐಡಲ್ ಪ್ರೆಶರ್ ಒಂದಿಷ್ಟೂ ಅಲುಗುವುದಿಲ್ಲ.

ಮತ್ತೆ ಏರುವುದು ಎಲ್ಲಿ? ಹೆಚ್ಚು ಆರ್‌ಪಿಎಂನಲ್ಲಿ. ಇಲ್ಲವೇ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ, ಎಣ್ಣೆ ಇನ್ನೂ ದಪ್ಪಗಿರುವಾಗ. ತೀರಾ ಬಿಗಿ ಮಾಡಿದ್ದರೆ ಫಿಲ್ಟರ್ ಡಬ್ಬ ಉಬ್ಬುವುದು, ಅದರ ರಬ್ಬರ್ ಸೀಲ್ ಹೊರಗೆ ಚಿಮ್ಮುವುದು ಆ ಹೊತ್ತಿಗೇ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಶಾಫ್ಟ್‌ನಿಂದ ಪಂಪ್ ತಿರುಗುವ ಹಳೆಯ ವಿ8 (ಎಂಟು ಸಿಲಿಂಡರ್) ಇಂಜಿನ್‌ಗಳಲ್ಲಿ ಆ ಹೊರೆಯೆಲ್ಲ ಒಂದು ಪುಟ್ಟ ಗೇರ್ ಹಲ್ಲಿನ ಮೇಲೆ ಬೀಳುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಇದೆ. ಪಂಪ್ ಪ್ರೆಶರೇ ಕ್ರ್ಯಾಂಕ್‌ಶಾಫ್ಟನ್ನು (ಬೇರಿಂಗ್‌ಗಳಲ್ಲಿ ತಿರುಗುವ ಇಂಜಿನ್‌ನ ಮುಖ್ಯ ಶಾಫ್ಟ್) ಎತ್ತಿ ಹಿಡಿಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. ಶಾಫ್ಟ್ ತಾನು ತಿರುಗುತ್ತಲೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು ಪದರ ಕಟ್ಟುತ್ತದೆ. ಆ ಪದರದೊಳಗಿನ ಒತ್ತಡ ನೂರಾರು ಬಾರ್ ಮುಟ್ಟುತ್ತದೆ. ಪಂಪ್‌ನ ನಾಲ್ಕೈದು ಬಾರ್ ಅದರ ಮುಂದೆ ಏನೂ ಅಲ್ಲ. ಎಣ್ಣೆ ಒದಗಿಸಿದರೆ ಪಂಪ್‌ನ ಕೆಲಸ ಮುಗಿಯಿತು.

ರೇಸ್ ಇಂಜಿನ್ ಬೇರೆ ವಿಷಯ, ಅದನ್ನು ಒಪ್ಪುತ್ತೇನೆ. 7000 ಆರ್‌ಪಿಎಂನಲ್ಲಿ ಎಣ್ಣೆ ಕ್ರ್ಯಾಂಕ್ ಒಳಗಿನ ತೂತಿಗೆ ಇಳಿಯಬೇಕಾದರೆ ಹೊರಕ್ಕೆ ಎಸೆಯುವ ಬಲವನ್ನು ಮೀರಬೇಕು. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್, ಅನ್ನುವ ಹಳೆಯ ಲೆಕ್ಕ ಅಲ್ಲಿ ಚಾಲ್ತಿಯಲ್ಲಿದೆ. ಅಲ್ಲಿ ಗಟ್ಟಿ ಸ್ಪ್ರಿಂಗ್ ಹಾಕಲಿ. ರಸ್ತೆ ಕಾರಿಗೆ ಯಾಕೆ? ಇನ್ನು ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಹೇಳಿದಂತೆ ಪ್ರೆಶರ್ ಏರಿಳಿಸುವ ಹೊಸ ಪಂಪ್‌ಗಳಿದ್ದರೆ ದಯವಿಟ್ಟು ಕೈ ಹಾಕಲೇಬೇಡಿ.

ಐಡಲ್ ಪ್ರೆಶರ್ ನಿಜಕ್ಕೂ ಬೀಳುವುದು ಹೆಚ್ಚಾಗಿ ಸವೆತದಿಂದ. ಸಂದಿ ಎರಡರಷ್ಟಾದರೆ ಅದೇ ಪ್ರೆಶರ್‌ನಲ್ಲಿ ಸೋರುವ ಎಣ್ಣೆ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ! ಬೇರಿಂಗ್‌ಗೂ ಇದೇ ಲೆಕ್ಕ, ಪಂಪ್ ಒಳಗೂ ಇದೇ. ಹಾಗಾಗಿ ಮೊದಲು ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿ, ಎಷ್ಟೋ ಸಲ ಕೆಟ್ಟಿರುವುದು ಸೆನ್ಸರ್ ಮಾತ್ರ. ಅದು ಸರಿ ಇದ್ದರೆ ಪಂಪ್ ಬಿಚ್ಚಿ. ರಿಲೀಫ್ ವಾಲ್ವ್ ಪ್ಲಂಜರ್ ಕಸ ಸಿಕ್ಕಿ ಅರ್ಧ ತೆರೆದೇ ನಿಂತಿದ್ದರೆ, ತೊಳೆದು ಹಾಕಿದರೆ ಸಾಕು. ಆಮೇಲೆ ಬಾಡಿ ಮೇಲೆ ನೇರ ಪಟ್ಟಿ ಇಟ್ಟು, ಗೇರ್‌ಗೂ ಪಟ್ಟಿಗೂ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ಅಳೆಯಿರಿ. ಕವರ್ ತಿರುಗಿಸಿದರೆ ಗೇರ್ ಉಜ್ಜಿದ ಉಂಗುರದ ಗೀರು ಉಗುರಿಗೇ ತಗಲುತ್ತದೆ. ಗಾಜಿನ ಮೇಲೆ ಎಮರಿ ಪೇಪರ್ ಹಾಕಿ, ಎಣ್ಣೆ ಸುರಿದು, ಗೀರು ಹೋಗುವ ತನಕ ಕವರನ್ನು ಅದರ ಮೇಲೆ ತಿಕ್ಕಿ. ಬೇಸರದ ಕೆಲಸ ನಿಜ, ಆದರೆ ಪ್ರೆಶರ್ ಏರುವುದು ಇಲ್ಲಿಂದಲೇ. ಪಂಪ್ ಸರಿ ಇದ್ದೂ ಏರದಿದ್ದರೆ ಬೇರಿಂಗ್ ನೋಡಲೇಬೇಕು, ಬೇರೆ ದಾರಿಯಿಲ್ಲ.

ತಿಕ್ಕಿದ ಪುಡಿ ಒಂದು ಕಣವೂ ಉಳಿಯದ ಹಾಗೆ ತೊಳೆಯಿರಿ. ಜೋಡಿಸುವಾಗ ಗೇರ್ ಸುತ್ತ ಪೆಟ್ರೋಲಿಯಂ ಜೆಲ್ಲಿ ತುಂಬಿ, ಇಲ್ಲದಿದ್ದರೆ ಒಣ ಪಂಪ್ ಎಣ್ಣೆ ಎಳೆಯುವುದಿಲ್ಲ. ಇಗ್ನಿಷನ್ ಕನೆಕ್ಷನ್ ಬಿಡಿಸಿ, ಗೇಜ್ ಮುಳ್ಳು ಏಳುವ ತನಕ ಸ್ಟಾರ್ಟರ್ ತಿರುಗಿಸಿ. ಮುಳ್ಳು ಎದ್ದ ಮೇಲಷ್ಟೇ ಸ್ಟಾರ್ಟ್ ಮಾಡಿ.